ಅರ್ಧಕ್ಕೆ ಹೋದ ಗ್ರಾಹಕರನ್ನು ಕೇಳಿದ್ದು: ಫೀಡ್‌ಬ್ಯಾಕ್ ಪಡೆಯುವ ನಾಲ್ಕು ದಾರಿಗಳ ಹೋಲಿಕೆ

ಸಾಗರದ ಹತ್ತಿರದ ನಮ್ಮ ಹಳ್ಳಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಮಾರುತ್ತೇವೆ. ಮೊದಲು ಎಲ್ಲಾ ಫೋನಲ್ಲೇ ನಡೆಯುತ್ತಿತ್ತು. ಆಮೇಲೆ ವೆಬ್‌ಸೈಟ್ ಮಾಡಿಸಿದೆವು. ಅಡುಗೆ, ಪ್ಯಾಕಿಂಗ್ ಅತ್ತಿಗೆಯದು. ಸೈಟು, ಲೆಕ್ಕ ನನ್ನದು. ಜನ ಬರುತ್ತಿದ್ದರು, ಬಾಟಲಿ ಆರಿಸಿ ಕಾರ್ಟಿಗೆ ಹಾಕುತ್ತಿದ್ದರು, ದುಡ್ಡು ಕಟ್ಟುವ ಮುಂಚೆ ಹೊರಟುಹೋಗುತ್ತಿದ್ದರು. ಕೊಂಡವರೆಲ್ಲ ಹೊಗಳುತ್ತಿದ್ದರು. ಹಾಗಾದರೆ ಹೋದವರು ಯಾಕೆ ಹೋದರು? ಇದನ್ನು ತಿಳಿಯೋಕೆ ಒಂದು ವರ್ಷ ನಾಲ್ಕು ದಾರಿ ಹಿಡಿದು ನೋಡಿದೆ. ಆನ್‌ಲೈನ್‌ನಲ್ಲಿ ಏನಾದರೂ ಮಾರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹಿಡಿದಿದ್ದು ಅಂಕದ ದಾರಿ. "ನಮ್ಮ ಅಂಗಡಿಯನ್ನು ನಿಮ್ಮ ನೆಂಟರಿಗೆ, ಸ್ನೇಹಿತರಿಗೆ ಹೇಳುತ್ತೀರಾ? 0ಯಿಂದ 10ರ ಒಳಗೆ ಅಂಕ ಕೊಡಿ" ಅನ್ನುವ ಪ್ರಶ್ನೆ ನೀವೂ ನೋಡಿರುತ್ತೀರಿ. ಇದಕ್ಕೆ ಎನ್‌ಪಿಎಸ್, ಅಂದರೆ ನೆಟ್ ಪ್ರೊಮೋಟರ್ ಸ್ಕೋರ್ ಅನ್ನುತ್ತಾರೆ. ಅಮೆರಿಕದ ಫ್ರೆಡ್ ರೈಕೆಲ್ಡ್ 2003ರಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಲೆಕ್ಕ ಸುಲಭ. 9, 10 ಕೊಟ್ಟವರು ಒಂದು ಗುಂಪು, 0ಯಿಂದ 6ರವರೆಗೆ ಕೊಟ್ಟವರು ಇನ್ನೊಂದು ಗುಂಪು. ಮೊದಲ ಗುಂಪಿನ ಶೇಕಡಾವಾರಿನಿಂದ ಎರಡನೆಯದನ್ನು ಕಳೆಯಬೇಕು. 7, 8 ಕೊಟ್ಟವರು ಯಾವ ಕಡೆಗೂ ಸೇರುವುದಿಲ್ಲ. ನನಗೆ 40 ಜನ ಉತ್ತರ ಕೊಟ್ಟರು. 26 ಜನ 9 ಅಥವಾ 10, 8 ಜನ 7 ಅಥವಾ 8, 6 ಜನ ಅದಕ್ಕಿಂತ ಕಡಿಮೆ. ಶೇ. 65ರಲ್ಲಿ ಶೇ. 15 ಕಳೆದರೆ 50.

50 ಒಳ್ಳೆಯ ಅಂಕವೇ. ಆದರೆ ಅದನ್ನು ಇಟ್ಟುಕೊಂಡು ಮರುದಿನ ಬೆಳಿಗ್ಗೆ ಸೈಟಲ್ಲಿ ಏನು ಸರಿ ಮಾಡಬೇಕು ಅಂತ ಗೊತ್ತಾಗಲಿಲ್ಲ. ಇನ್ನೂ ದೊಡ್ಡ ತೊಂದರೆ ನನಗೆ ತಡವಾಗಿ ಹೊಳೆಯಿತು. ಈ ಪ್ರಶ್ನೆ ಹೋಗುತ್ತಿದ್ದದ್ದು ಪಾರ್ಸೆಲ್ ಕೈಗೆ ಸಿಕ್ಕವರಿಗೆ ಮಾತ್ರ. ಅರ್ಧ ದಾರಿಯಲ್ಲಿ ಹೋದವರನ್ನು ನಾನು ಕೇಳಿಯೇ ಇರಲಿಲ್ಲ! ಅವರು ಹೋದ ಕಾರಣ ಈ 40 ಜನರ ಹತ್ತಿರ ಹೇಗೆ ಸಿಗಬೇಕು?

ಎರಡನೆಯದು ವಾಟ್ಸಾಪ್. ಪಾರ್ಸೆಲ್ ತಲುಪಿದ ಎರಡು ದಿನಕ್ಕೆ "ಹೇಗಿತ್ತು?" ಅಂತ ಅತ್ತಿಗೆ ಕೇಳುತ್ತಿದ್ದರು. ಉತ್ತರಗಳು ಧಾರಾಳವಾಗಿ ಬಂದವು. ಊಟದ ತಟ್ಟೆಯ ಫೋಟೋ, ಅಜ್ಜಿಯ ಕೈರುಚಿ ನೆನಪಾಯಿತು ಅನ್ನುವ ವಾಯ್ಸ್ ಮೆಸೇಜು, ಎಲ್ಲಾ. ಮನಸ್ಸು ತುಂಬುತ್ತದೆ, ಸುಳ್ಳು ಹೇಳಲ್ಲ. ಆದರೆ ನಮ್ಮ ಜನರ ದಾಕ್ಷಿಣ್ಯ ಇಲ್ಲಿ ಅಡ್ಡ ಬರುತ್ತದೆ. ಊಟಕ್ಕೆ ಕೂತವರನ್ನು "ಉಪ್ಪು ಹುಳಿ ಸರಿ ಇದೆಯಾ?" ಅಂತ ಕೇಳಿದರೆ ಯಾರು ತಾನೇ ಇಲ್ಲ ಅನ್ನುತ್ತಾರೆ? ಒಬ್ಬರ ಬಾಟಲಿಯಿಂದ ಎಣ್ಣೆ ಸೋರಿತ್ತಂತೆ. ಅದು ನಮಗೆ ಗೊತ್ತಾಗಿದ್ದು ಅವರು ಮೂರನೇ ಸಲ ಆರ್ಡರ್ ಮಾಡಿದಾಗ. ಮೊದಲ ಸಲ "ಎಲ್ಲಾ ಚೆನ್ನಾಗಿತ್ತು" ಅಂತಲೇ ಬರೆದಿದ್ದರು.

ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಿದೆ. 2010ರಲ್ಲಿ, ಗ್ರಾಹಕ ಸೇವೆಯ ಬಗ್ಗೆ ಅಧ್ಯಯನ ಮಾಡುವ ಮ್ಯಾಥ್ಯೂ ಡಿಕ್ಸನ್ ಮತ್ತು ಅವರ ಜೊತೆಗಾರರು ಒಂದು ಮಾತು ಮುಂದಿಟ್ಟಿದ್ದರು. ಗ್ರಾಹಕರನ್ನು ಖುಷಿಪಡಿಸಲು ಹೊರಡುವ ಮುಂಚೆ ಅವರಿಗೆ ಎಷ್ಟು ಶ್ರಮ ಆಯಿತು ಅಂತ ನೋಡಿ ಅಂತ. ಅದನ್ನು ನಮ್ಮ ಮಾತಿಗೆ ತಂದುಕೊಂಡೆ: "ಆರ್ಡರ್ ಮಾಡುವಾಗ ಎಲ್ಲಿ ತಡವಾಯಿತು?" ಈಗ ಉತ್ತರದ ಧಾಟಿಯೇ ಬೇರೆ ಆಯಿತು. ಉಪ್ಪಿನಕಾಯಿಯನ್ನು ತೆಗಳದೆ ಸೈಟಿನ ತೊಂದರೆ ಹೇಳಬಹುದಲ್ವಾ? ಓಟಿಪಿ ಬರೋದು ತಡ, ಫೋಟೋದಲ್ಲಿ ಬಾಟಲಿಯ ಅಳತೆ ಗೊತ್ತಾಗಲ್ಲ, ಅಂಚೆಯಲ್ಲಿ ಕಳಿಸ್ತೀರೋ ಕೊರಿಯರ್‌ನಲ್ಲೋ ಅಂತ ಎಲ್ಲೂ ಬರೆದಿಲ್ಲ. ಒಂದೇ ವಾರದಲ್ಲಿ ಮೂರು ಕೆಲಸ ಸಿಕ್ಕಿತು. ಅಂಕದ ದಾರಿಯಲ್ಲಿ ಮೂರು ತಿಂಗಳಿಗೂ ಇಷ್ಟು ಸಿಕ್ಕಿರಲಿಲ್ಲ.

ಮೂರನೆಯದು ಕೇಳದೇ ನೋಡುವ ದಾರಿ. ಮೈಕ್ರೋಸಾಫ್ಟ್‌ನ ಕ್ಲಾರಿಟಿ ಅಂತ ಒಂದು ಸಲಕರಣೆ ಇದೆ, ಪುಕ್ಕಟೆ. ಸೈಟಿಗೆ ಬಂದವರು ಎಲ್ಲಿ ಒತ್ತಿದರು, ಎಲ್ಲಿಯವರೆಗೆ ಓದಿದರು, ಯಾವ ಪುಟದಿಂದ ವಾಪಸ್ ಹೋದರು ಅಂತ ವಿಡಿಯೋ ತರಹ ತೋರಿಸುತ್ತದೆ. ಜನ ಪೆಟ್ಟಿಗೆಗಳಲ್ಲಿ ಟೈಪ್ ಮಾಡಿದ್ದನ್ನು ಮರೆಮಾಡುತ್ತದೆ, ಅದು ಒಳ್ಳೆಯದೇ. ಹೀಗೆ ನೋಡುತ್ತೇವೆ ಅಂತ ಸೈಟಲ್ಲಿ ಕನ್ನಡದಲ್ಲೇ ಬರೆದು ಹಾಕಿದೆವು. ರಾತ್ರಿ ಊಟ ಆದ ಮೇಲೆ ಕೂತು ನೋಡುತ್ತಿದ್ದೆ. ಎರಡೇ ದಿನದಲ್ಲಿ ಜನ ಹೊರಡುವ ಜಾಗ ಕಂಡಿತು: ವಿಳಾಸದ ಪುಟ ಮತ್ತು ದುಡ್ಡು ಕಟ್ಟುವ ಪುಟ. ವಿಳಾಸದ ಪುಟದಲ್ಲಿ ಒಬ್ಬರು ಒಂದೇ ಬಟನ್ ಅನ್ನು ಒಂದರ ಮೇಲೊಂದು ಹತ್ತಾರು ಸಲ ಒತ್ತಿದ್ದು ನೋಡಿ ಸಂಕಟವಾಯಿತು. ಯಾಕೆ ಮುಂದೆ ಹೋಗುತ್ತಿಲ್ಲ? ಅವರು ಬರೆದದ್ದು ಕಾಣುವುದಿಲ್ಲವಲ್ಲ, ನನಗೆ ಕಾರಣ ತಿಳಿಯಲಿಲ್ಲ.

ಕಾರಣ ತಿಳಿದದ್ದು ನಾಲ್ಕನೇ ದಾರಿಯಲ್ಲಿ, ಅಂದರೆ ಫೋನಿನಲ್ಲಿ. ಸುಮ್ನೆ ಎಲ್ಲರಿಗೂ ಫೋನ್ ಮಾಡಲಿಲ್ಲ. ಮೊಬೈಲ್ ನಂಬರ್ ಬರೆಯುವ ಪೆಟ್ಟಿಗೆಯ ಕೆಳಗೆ ಒಂದು ಸಾಲು ಸೇರಿಸಿದೆವು: "ಆರ್ಡರ್ ಅರ್ಧಕ್ಕೆ ನಿಂತರೆ ನಾವು ಫೋನ್ ಮಾಡಬಹುದಾ?" ಗುರುತು ಹಾಕಿದವರಿಗೆ ಮಾತ್ರ ಫೋನ್. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಯಾವ ಕೆಲಸಕ್ಕೆ ಅಂತ ಹೇಳಿ ಒಪ್ಪಿಗೆ ಪಡೆಯಿರಿ ಅನ್ನುತ್ತದೆ. ಕಾಯ್ದೆ ಇರದಿದ್ದರೂ ನಾನು ಹೀಗೇ ಮಾಡುತ್ತಿದ್ದೆ. ಹೇಳದೆ ಕೇಳದೆ ಫೋನ್ ಮಾಡಿದರೆ ಯಾರಿಗೆ ಇಷ್ಟವಾಗುತ್ತದೆ?

ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಫೋನ್ ಎತ್ತಿದರು. ಎಲ್ಲಿ ನಿಂತಿತು ಅಂತ ಕೇಳಿದೆ. "ಮನೆ ನಂಬರ್ ಬರಿ, ರಸ್ತೆ ಹೆಸರು ಬರಿ ಅಂತದೆ. ನಮ್ಮನೆಗೆ ನಂಬರ್ ಎಲ್ಲಿಂದ ತರ್ಲಿ ಮಾರಾಯ್ತಿ? ಊರ ಹೆಸರು, ಅಂಚೆ, ನಮ್ಮ ಹೆಸರು ಬರೆದ್ರೆ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೇ ತರ್ತಾನೆ" ಅಂದರು.

ನಾನೂ ಅಂಥದೇ ಹಳ್ಳಿಯವಳು. ನಮ್ಮ ಮನೆಗೂ ಪಂಚಾಯ್ತಿ ಲೆಕ್ಕದಲ್ಲಿ ನಂಬರ್ ಇರಬಹುದು, ವಿಳಾಸದಲ್ಲಿ ಯಾರೂ ಬರೆಯುವುದಿಲ್ಲ. ಆದರೆ ಫಾರ್ಮ್ ಬಂದದ್ದು ಪಟ್ಟಣದ ಅಪಾರ್ಟ್‌ಮೆಂಟ್ ಲೆಕ್ಕದಲ್ಲಿ. ಮನೆ ನಂಬರ್ ಪೆಟ್ಟಿಗೆ ಖಾಲಿ ಬಿಟ್ಟರೆ ಮುಂದೆ ಬಿಡುತ್ತಿರಲಿಲ್ಲ. ಯಾಕೆ ಅಂತ ಹೇಳುವ ಕೆಂಪು ಅಕ್ಷರ ಪುಟದ ಮೇಲ್ಗಡೆ ಬರುತ್ತಿತ್ತು, ಇಂಗ್ಲಿಷಿನಲ್ಲಿ. ಕೆಳಗೆ ಬಟನ್ ಒತ್ತುವವರಿಗೆ ಅದು ಕಾಣುವುದೇ ಇಲ್ಲ. ಅವತ್ತು ವಿಡಿಯೋದಲ್ಲಿ ಕಂಡ ಒತ್ತಾಟದ ಅರ್ಥ ಆಗ ಹೊಳೆಯಿತು.

ಇನ್ನೊಂದು ಫೋನ್ ಮಂಗಳೂರಿನ ಹುಡುಗನಿಗೆ. "ಅಕ್ಕಾ, ಮೊಬೈಲಲ್ಲೇ ಆರ್ಡರ್ ಮಾಡ್ತಾ ಇದ್ದೆ. ಕ್ಯೂಆರ್ ಕೋಡ್ ಬಂತು. ಅದೇ ಮೊಬೈಲಲ್ಲಿ ಅದನ್ನ ಸ್ಕ್ಯಾನ್ ಮಾಡೋದು ಹೇಗೆ?" ನಾನು ಸೈಟನ್ನು ಯಾವಾಗಲೂ ಲ್ಯಾಪ್‌ಟಾಪಿನಲ್ಲಿ ತೆರೆದು, ಕೈಯಲ್ಲಿರುವ ಫೋನಿನಿಂದ ಸ್ಕ್ಯಾನ್ ಮಾಡಿ ನೋಡುತ್ತಿದ್ದೆ. ಹಾಗಾಗಿ ಈ ತೊಂದರೆ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಸೈಟ್ ಮಾಡಿಕೊಟ್ಟವರಿಗೆ ಹೇಳಿದ ಮೇಲೆ ಮೊಬೈಲಿನಲ್ಲಿ ಕ್ಯೂಆರ್ ಬದಲು ನೇರವಾಗಿ ಯುಪಿಐ ಆ್ಯಪ್ ತೆರೆಯುವ ಬಟನ್ ಬಂತು. ಮನೆ ನಂಬರ್ ಈಗ ಕಡ್ಡಾಯ ಅಲ್ಲ. ಅದರ ಜಾಗದಲ್ಲಿ "ಊರು, ಅಂಚೆ, ಗುರುತು" ಅನ್ನುವ ಪೆಟ್ಟಿಗೆ ಇದೆ. ತಪ್ಪಾದರೆ ಆಯಾ ಪೆಟ್ಟಿಗೆಯ ಕೆಳಗೇ ಕನ್ನಡದಲ್ಲಿ ಬರುತ್ತದೆ. ಆ ಹಿರಿಯರಿಗೆ ಮತ್ತೆ ಫೋನ್ ಮಾಡಿ ಹೇಳಿದೆ. ಅವತ್ತೇ ಎರಡು ಬಾಟಲಿ ತರಿಸಿಕೊಂಡರು.

ಖರ್ಚು ನೋಡಿದರೆ ನಾಲ್ಕರಲ್ಲೂ ದುಡ್ಡು ಹೆಚ್ಚು ಹೋಗಲಿಲ್ಲ, ಹೋಗಿದ್ದು ಸಮಯ. ಅಂಕಕ್ಕೆ ಸಮಯವೇ ಬೇಡ. ವಾಟ್ಸಾಪಿಗೆ ದಿನಕ್ಕೆ ಅರ್ಧ ಗಂಟೆ. ವಿಡಿಯೋ ನೋಡುತ್ತಾ ಕೂತರೆ ರಾತ್ರಿ ಕಳೆದದ್ದೇ ಗೊತ್ತಾಗಲ್ಲ. ಫೋನಿಗೆ ಎಲ್ಲಕ್ಕಿಂತ ಜಾಸ್ತಿ ಬೇಕು. ಮಾತು ಉಪ್ಪಿನಕಾಯಿಯಿಂದ ಅಡಿಕೆ ರೇಟಿಗೆ ಹೋಗುತ್ತದೆ, ಅಲ್ಲಿಂದ ಮಳೆಗೆ. ಆದರೂ ಒಂದನ್ನೇ ಇಟ್ಟುಕೋ ಅಂದರೆ ನಾನು ಫೋನನ್ನೇ ಇಟ್ಟುಕೊಳ್ಳುತ್ತೇನೆ, ಅದೂ ಅರ್ಧಕ್ಕೆ ಬಿಟ್ಟವರಿಗೆ ಮಾಡುವ ಫೋನ್. ನೂರಾರು ಜನ ಬೇಕಿಲ್ಲ. ವೆಬ್‌ಸೈಟ್ ಬಳಸೋಕೆ ಸುಲಭವಾಗಿದೆಯಾ ಅಂತ ಪರೀಕ್ಷಿಸುವುದರಲ್ಲಿ ಹೆಸರಾದ ಜೇಕಬ್ ನೀಲ್ಸನ್ 2000ದಲ್ಲೇ, ಐದು ಜನ ಬಳಸುವುದನ್ನು ನೋಡಿದರೆ ಸೈಟಿನ ತೊಂದರೆಗಳಲ್ಲಿ ಹೆಚ್ಚಿನವು ಗೊತ್ತಾಗುತ್ತವೆ ಅಂದಿದ್ದರು. ನಮಗೆ ಎರಡು ದೊಡ್ಡ ತೊಂದರೆ ಸಿಕ್ಕಿದ್ದು ಮೊದಲ ಏಳು ಫೋನಿನಲ್ಲಿ.

ದಿನಕ್ಕೆ ನೂರಾರು ಆರ್ಡರ್ ಇರುವವರಿಗೆ ಎಲ್ಲರ ಜೊತೆ ಮಾತಾಡೋಕೆ ಆಗಲ್ಲ, ಒಪ್ಪುತ್ತೇನೆ. ಅವರು ಮೊದಲು ವಿಡಿಯೋ ನೋಡಿ ಜಾಗ ಹಿಡಿಯಲಿ, ಆಮೇಲೆ ಆ ಜಾಗದಿಂದ ವಾಪಸ್ ಹೋದ ಹತ್ತು ಜನರ ಜೊತೆ ಮಾತಾಡಲಿ. ಅಂಕವನ್ನು ನಾನು ಪೂರ್ತಿ ಬಿಟ್ಟಿಲ್ಲ, ಆರು ತಿಂಗಳಿಗೊಮ್ಮೆ ಕೇಳುತ್ತೇನೆ. ಬಿದ್ದರೆ ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತದಲ್ಲ, ಅಷ್ಟಕ್ಕೆ.

ಮೊನ್ನೆ ಫೋನಿನಲ್ಲಿ ಹೊಸದೊಂದು ಸಿಕ್ಕಿದೆ. ಹೆಸರನ್ನು ಕನ್ನಡದಲ್ಲಿ ಬರೆದರೆ ನಮ್ಮ ಫಾರ್ಮ್ ತೆಗೆದುಕೊಳ್ಳುತ್ತಿಲ್ಲವಂತೆ. ಶಿರಸಿಯ ಒಬ್ಬರು ಹೇಳಿದರು. ಈ ವಾರದ ಕೆಲಸ ಅದೇ.