ಕನ್ನಡಿಯೊಳಗಿಂದ ಸಾವಿನ ಲೋಕಕ್ಕೆ: ಕಾಕ್ಟೋ ಅವರ ‘ಓರ್ಫೆ’

ಗ್ರಾಫಿಕ್ಸ್ ಇಲ್ಲದೆ ಸಾವಿನ ಲೋಕವನ್ನು ತೋರಿಸುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು 1950ರ ಫ್ರೆಂಚ್ ಸಿನಿಮಾ ‘ಓರ್ಫೆ’. ಕಪ್ಪು ಬಿಳುಪು, ಸುಮಾರು ಒಂದೂವರೆ ಗಂಟೆ. ನಿರ್ದೇಶಕ ಝಾನ್ ಕಾಕ್ಟೋ ಮೂಲತಃ ಕವಿ.

ಗ್ರೀಕ್ ಕಥೆ ಇಷ್ಟು: ಗಾಯಕ ಓರ್ಫಿಯಸ್‌ನ ಹೆಂಡತಿ ಯೂರಿಡಿಸಿ ಹಾವು ಕಚ್ಚಿ ಸಾಯುತ್ತಾಳೆ. ಅವನು ಪಾತಾಳಕ್ಕೇ ಇಳಿದು ಅವಳನ್ನು ಬಿಡಿಸಿಕೊಂಡು ಹೊರಡುತ್ತಾನೆ, ಆದರೆ ಮೇಲೆ ಬರುವ ತನಕ ತಿರುಗಿ ನೋಡಬಾರದು ಅಂತ ಷರತ್ತು. ನೋಡಿಬಿಡುತ್ತಾನೆ. ನಮ್ಮ ಮಹಾಭಾರತದಲ್ಲಿ ರುರು ಮತ್ತು ಪ್ರಮದ್ವರೆಯ ಕಥೆ ಬರುತ್ತದಲ್ಲ, ಅಲ್ಲೂ ಹಾವೇ ಕಚ್ಚುವುದು. ಆದರೆ ರುರು ತನ್ನ ಅರ್ಧ ಆಯಸ್ಸು ಕೊಟ್ಟು ಅವಳನ್ನು ಉಳಿಸಿಕೊಳ್ಳುತ್ತಾನೆ.

ಕಾಕ್ಟೋ ಇದನ್ನು ತನ್ನ ಕಾಲದ ಫ್ರಾನ್ಸಿಗೆ ತಂದಿದ್ದಾರೆ. ಇಲ್ಲಿ ಓರ್ಫೆ (ಝಾನ್ ಮಾರೆ) ಹೆಸರು ಮಾಡಿದ ಕವಿ. ಹೊಸ ಹುಡುಗ ಕವಿಗಳಿಗೆ ಅವನನ್ನು ಕಂಡರೆ ಆಗದು. ಸಾವು ಅಂದರೆ ಕಪ್ಪು ಉಡುಪಿನ ರಾಜಕುಮಾರಿ, ಓಡಾಡುವುದು ರೋಲ್ಸ್ ರಾಯ್ಸ್ ಕಾರಿನಲ್ಲಿ. ಹಾವಿನ ಬದಲು ಇಬ್ಬರು ಮೋಟಾರ್ ಸೈಕಲ್ ಸವಾರರು ಬರುತ್ತಾರೆ, ಗುದ್ದುತ್ತಾರೆ, ಹೋಗುತ್ತಾರೆ. ಕಾರಿನ ರೇಡಿಯೋದಲ್ಲಿ ಅರ್ಥವಾಗದ ಸಾಲುಗಳು ಬರುತ್ತಿರುತ್ತವೆ, ಓರ್ಫೆ ಹೆಂಡತಿಯನ್ನೂ ಮರೆತು ಗ್ಯಾರೇಜಿನಲ್ಲಿ ಕೂತು ಅದನ್ನೇ ಬರೆದುಕೊಳ್ಳುತ್ತಾನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ ರೇಡಿಯೋ ಫ್ರಾನ್ಸಿನ ಭೂಗತ ಹೋರಾಟಗಾರರಿಗೆ ಹೀಗೇ ಗೂಢ ವಾಕ್ಯಗಳನ್ನು ಕಳಿಸುತ್ತಿತ್ತು. ಆಗಿನ ಪ್ರೇಕ್ಷಕರಿಗೆ ಆ ದನಿ ಕೇಳಿದರೆ ಮೈ ಜುಮ್ಮೆಂದಿರಬೇಕು ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಕನ್ನಡಿಯ ದೃಶ್ಯ. ಸತ್ತವರ ಲೋಕಕ್ಕೆ ದಾರಿ ಮನೆಯ ಕನ್ನಡಿಯೇ. ರಬ್ಬರ್ ಕೈಗವಸು ತೊಟ್ಟು ಕೈ ಚಾಚಿದರೆ ಗಾಜು ನೀರಿನಂತೆ ಕದಡಿ ಕೈ ಒಳಗೆ ಹೋಗುತ್ತದೆ. ಇದಕ್ಕೆ ಬಳಸಿದ್ದು ಪಾದರಸ ತುಂಬಿದ ತೊಟ್ಟಿ. ಕೈಗವಸು ತಾನಾಗಿ ಕೈಗೇರುವುದು ಫಿಲಂ ಹಿಂದುಮುಂದಾಗಿ ಓಡಿಸಿ ಮಾಡಿದ್ದು. ಇಷ್ಟೇ. ಗುಟ್ಟು ಗೊತ್ತಾದ ಮೇಲೂ ಬೆರಗು ಒಂದಿಷ್ಟೂ ಕಮ್ಮಿಯಾಗುವುದಿಲ್ಲ, ಯಾಕೆಂದರೆ ಕಾಕ್ಟೋ ಎಲ್ಲೂ ಆರ್ಭಟ ಮಾಡುವುದಿಲ್ಲ. ನಾವು ದಿನಾ ಮುಟ್ಟುವ ವಸ್ತುವೇ ಒಂದು ಕ್ಷಣ ಬೇರೆ ಥರ ನಡೆದುಕೊಳ್ಳುತ್ತದೆ, ಅಷ್ಟರಲ್ಲಿ ನಾವು ಆಚೆ ಲೋಕದಲ್ಲಿರುತ್ತೇವೆ.

ಆಚೆ ಲೋಕವೂ ಹಾಗೇ. ಬೆಂಕಿಯಿಲ್ಲ, ಕೋಣವಿಲ್ಲ. ಯುದ್ಧದಲ್ಲಿ ಬಾಂಬಿಗೆ ಕುಸಿದ ಸೇಂಟ್ ಸಿರ್ ಸೈನಿಕ ಶಾಲೆಯ ಪಾಳು ಗೋಡೆಗಳ ನಡುವೆ ಅದನ್ನು ಚಿತ್ರೀಕರಿಸಿದ್ದಾರೆ. ಒಂದು ಬೋಳು ಕೋಣೆ, ಮೇಜು, ಕೋಟು ಹಾಕಿದ ಅಧಿಕಾರಿಗಳು, ವಿಚಾರಣೆ. ಆದೇಶವಿಲ್ಲದೆ ಯೂರಿಡಿಸಿಯ ಜೀವ ಯಾಕೆ ತೆಗೆದೆ ಅಂತ ಸಾವನ್ನೇ ಪ್ರಶ್ನಿಸುತ್ತಾರೆ. ಕಾರಣ ಪ್ರೀತಿ. ಸಾವಿಗೆ ಓರ್ಫೆಯ ಮೇಲೆ ಮನಸ್ಸಾಗಿದೆ. ಮಾರಿಯಾ ಕಸಾರೆಸ್ ಆ ಪಾತ್ರದಲ್ಲಿ ಅದ್ಭುತ. ಮುಖ ಗಡುಸು, ದನಿಯಲ್ಲಿ ಅಪ್ಪಣೆ, ಆದರೂ ಅವಳು ಸೋಲುತ್ತಿರುವುದು ಕಣ್ಣಲ್ಲಿ ಕಾಣುತ್ತದೆ.

ಕೊರತೆಯೂ ಇದೆ, ಸಣ್ಣದಲ್ಲ. ಯೂರಿಡಿಸಿಗೆ ಅನ್ಯಾಯವಾಗಿದೆ. ಬಸುರಿ ಹೆಂಡತಿ, ಗಂಡ ಮುಖ ಕೊಟ್ಟು ಮಾತಾಡುವುದಿಲ್ಲ, ಅವಳು ಅಳುತ್ತಾಳೆ, ಕಾಯುತ್ತಾಳೆ. ಮಾರಿ ದೇಯಾ ಚೆನ್ನಾಗಿಯೇ ಮಾಡಿದ್ದಾರೆ, ಆದರೆ ಕಥೆ ಅವರಿಗೆ ಏನೂ ಕೊಟ್ಟಿಲ್ಲ. ಸಿನಿಮಾದಲ್ಲಿ ಷರತ್ತು ಅವಳನ್ನು ಇನ್ನೆಂದೂ ನೋಡಬಾರದು ಅಂತ; ಇಬ್ಬರೂ ಆಚೆ ಲೋಕದಿಂದ ವಾಪಸ್ ಬಂದ ಮೇಲೆ ಒಂದೇ ಮನೆಯಲ್ಲಿ ಅವನು ಅವಳನ್ನು ನೋಡದೆ ಬದುಕುವ ಭಾಗವನ್ನು ನಗೆನಾಟಕದ ಥರ ತೆಗೆದಿದ್ದಾರೆ, ಅವಳು ಮೇಜಿನ ಕೆಳಗೆಲ್ಲಾ ಅಡಗುತ್ತಾಳೆ. ನನಗೆ ಅಲ್ಲಿ ನಗು ಬರಲಿಲ್ಲ, ಸಂಕಟವಾಯಿತು. ಕೊನೆಗೆ ಓರ್ಫೆ ಅವಳನ್ನು ನೋಡಿಬಿಡುವುದು ಕಾರಿನ ಹಿಂಬದಿ ಕನ್ನಡಿಯಲ್ಲಿ. ಈ ಕಥೆಗೆ ಇದಕ್ಕಿಂತ ಒಳ್ಳೆಯ ಹೊಸ ರೂಪ ನನಗಂತೂ ಹೊಳೆಯುವುದಿಲ್ಲ. ಆದರೆ ಆ ಹೊತ್ತಿಗೆ ಅವಳು ಮಾಯವಾಗುವುದು ಅವನಿಗೆ ಅಷ್ಟೇನೂ ನೋಯುವುದಿಲ್ಲ ಅನ್ನೋದು ಕಹಿ.

ಅದರಾಚೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಗ್ರೀಕ್ ಕಥೆ ಗೊತ್ತಿದ್ದರೂ ಈ ಕೊನೆಯನ್ನು ಊಹಿಸಲಾರಿರಿ.

ನೋಡುವುದಾದರೆ ಶುದ್ಧಗೊಳಿಸಿದ ಹೊಸ ಪ್ರತಿಯನ್ನೇ ಹುಡುಕಿ, ಮಸುಕು ಪ್ರತಿಯಲ್ಲಿ ಆ ಬೆಳಕು ನೆರಳು ಸುಮ್ನೆ ಹಾಳಾಗುತ್ತದೆ. ಮೊದಲ ಇಪ್ಪತ್ತು ನಿಮಿಷ ಗೊಂದಲವಾದರೆ ನಿಲ್ಲಿಸಬೇಡಿ, ಓರ್ಫೆಗೂ ಆಗ ಏನೂ ಅರ್ಥವಾಗಿರುವುದಿಲ್ಲ.