ಇಂಗ್ಲಿಷ್ ಪದಬಳಕೆಯ ಪರಿಶೀಲನೆಗೆ ಗೂಗಲ್ ಎನ್‌ಗ್ರಾಮ್ ವ್ಯೂಅರ್

ಇಂಗ್ಲಿಷಿನಲ್ಲಿ ವರದಿ ಅಥವಾ ಸಂಶೋಧನಾ ಪ್ರಬಂಧ ಬರೆಯುವವರನ್ನು ವ್ಯಾಕರಣಕ್ಕಿಂತ ಹೆಚ್ಚಾಗಿ ಕಾಡುವುದು ಯಾವ ಪದದ ಜೊತೆ ಯಾವ ಪ್ರಿಪೊಸಿಷನ್ (‘ಫ್ರಮ್’, ‘ಟು’ ಮುಂತಾದ ಸಂಬಂಧಸೂಚಕ ಪದ) ಸರಿ ಎಂಬ ಸಂದೇಹ. ಗೂಗಲ್ 2010ರಲ್ಲಿ ಆರಂಭಿಸಿದ ಎನ್‌ಗ್ರಾಮ್ ವ್ಯೂಅರ್ ಎಂಬ ಉಚಿತ ಸೇವೆಯು ಇದಕ್ಕೆ ಮುದ್ರಿತ ಪುಸ್ತಕಗಳನ್ನೇ ಸಾಕ್ಷಿಯಾಗಿ ಮುಂದಿಡುತ್ತದೆ. ‘ಡಿಫರೆಂಟ್ ಫ್ರಮ್’, ‘ಡಿಫರೆಂಟ್ ಟು’, ‘ಡಿಫರೆಂಟ್ ದ್ಯಾನ್’ ಎಂಬ ಮೂರನ್ನೂ ಅಲ್ಪವಿರಾಮದಿಂದ ಬೇರ್ಪಡಿಸಿ ಕೊಟ್ಟರೆ, ಅವುಗಳ ಬಳಕೆ ಕಾಲಕ್ರಮದಲ್ಲಿ ಏರಿಳಿದ ಬಗೆ ಗೆರೆಗಳಾಗಿ ಮೂಡುತ್ತದೆ. ಮೊದಲನೆಯದು ಉಳಿದೆರಡಕ್ಕಿಂತ ಬಹಳ ಮುಂದಿರುವುದು ತಕ್ಷಣ ಕಾಣುತ್ತದೆ. ಬ್ರಿಟಿಷ್ ಮತ್ತು ಅಮೆರಿಕನ್ ಪುಸ್ತಕಗಳನ್ನು ಬೇರೆ ಬೇರೆಯಾಗಿ ನೋಡಬಹುದಾದ ಸೌಲಭ್ಯವಂತೂ ನನ್ನ ದೃಷ್ಟಿಯಲ್ಲಿ ಅಮೂಲ್ಯವಾದದ್ದು.

ಆದರೆ ಬಳಕೆಯ ಪ್ರಮಾಣವೇ ಶುದ್ಧತೆಯ ಪ್ರಮಾಣವಲ್ಲ. ವಿಷಯವೊಂದನ್ನು ಚರ್ಚಿಸುವುದು ಎನ್ನಲು ‘ಅಬೌಟ್’ ಇಲ್ಲದ ‘ಡಿಸ್ಕಸ್’ ಸಾಕು; ‘ಡಿಸ್ಕಸ್ ಅಬೌಟ್’ ಎಂದು ಹುಡುಕಿದಾಗ ಗೆರೆಯೊಂದು ಕಂಡಿತೆಂದು ಅದನ್ನು ಸರಿಯೆಂದು ಭಾವಿಸಬಾರದು, ಏಕೆಂದರೆ ‘ದೇರ್ ಈಸ್ ಮಚ್ ಟು ಡಿಸ್ಕಸ್ ಅಬೌಟ್ ದಿಸ್’ ಎಂಬಂತಹ ನಿರ್ದೋಷ ವಾಕ್ಯಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ. ನಕ್ಷೆಯ ಕೆಳಗಿನ ಕೊಂಡಿಗಳ ಮೂಲಕ ಮೂಲ ವಾಕ್ಯಗಳನ್ನು ಓದಿಯೇ ತೀರ್ಮಾನಿಸಬೇಕು. ಐದಕ್ಕಿಂತ ಹೆಚ್ಚು ಪದಗಳ ನುಡಿಗಟ್ಟನ್ನು ಇದು ಸ್ವೀಕರಿಸುವುದಿಲ್ಲ. ನಲವತ್ತಕ್ಕಿಂತ ಕಡಿಮೆ ಪುಸ್ತಕಗಳಲ್ಲಿರುವುದನ್ನು ತೋರಿಸುವುದೂ ಇಲ್ಲ. ಆದ್ದರಿಂದ ಫಲಿತಾಂಶ ಬಾರದಿದ್ದ ಮಾತ್ರಕ್ಕೆ ಪ್ರಯೋಗ ತಪ್ಪೆನ್ನಲಾಗದು. ಉದಾಹರಣೆ ವಾಕ್ಯಗಳಿರುವ ಒಳ್ಳೆಯ ನಿಘಂಟಿನ ಜೊತೆಗೆ ಬಳಸುವವರಿಗೆ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.