ಸೀಜನ್ ಮುಗಿದ ಮೇಲೆ ಬರುವ ಸಬ್ಸಿಡಿ: ಮುದ್ರಾ, ಪಿಎಂಇಜಿಪಿ, ಪಿಎಂಎಫ್ಎಂಇ, ರುಡ್‌ಸೆಟ್ ಎಲ್ಲಕ್ಕೂ ಕೈ ಹಾಕಿದವನ ಲೆಕ್ಕ

ಬಾಗಲಕೋಟೆ ಕಡೆಯ ಸೋದರಮಾವನ ಮಗ ಹೋದ ವಾರ ಫೋನ್ ಮಾಡಿದ್ದ. ಉಳ್ಳಾಗಡ್ಡಿ ಒಣಗಿಸಿ ಪುಡಿ ಮಾಡಿ ಮಾರುವ ವಿಚಾರ ಅವನದು. ಕೇಳಿದ್ದು ಒಂದೇ ಪ್ರಶ್ನೆ: "ಯಾವ ಸ್ಕೀಮ್‌ನಾಗ ಸಬ್ಸಿಡಿ ಜಾಸ್ತಿ ಐತಿ?" ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ಆಮೇಲೆ ಒಂದೊಂದಾಗಿ ಎಲ್ಲದರ ಬಾಗಿಲು ಬಡಿದೆ. ಒಂದನ್ನು ಮಾತ್ರ ನಮ್ಮ ವೈನಿ (ಅತ್ತಿಗೆ) ಬಡಿದರು, ನಾನು ಅವರ ಫೈಲು ಹೊತ್ತುಕೊಂಡು ಓಡಾಡಿದೆ.

ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು, ನನ್ನದು ಲಿಂಬೆ ಉಪ್ಪಿನಕಾಯಿ ವ್ಯಾಪಾರ. ಲಿಂಬೆಗೆ ಹೆಸರಾದ ಊರು. ಲಿಂಬೆ ಅಭಿವೃದ್ಧಿ ಮಂಡಳಿಯ ಆಫೀಸೂ ಇಲ್ಲೇ ಇದೆ. ಬೇಸಿಗೆಯಲ್ಲಿ ಲಿಂಬೆ ಮುಟ್ಟೋಕಾಗಲ್ಲ, ಅಷ್ಟು ತುಟ್ಟಿ. ಮಿರಗದ ಮಳೆ ಬಿದ್ದು ಮಾಲು ಬರೋಕೆ ಶುರುವಾದರೆ ರೇಟು ದಿನಾ ಇಳಿಯುತ್ತದೆ. ಆಗ ಕೊಂಡು ಉಪ್ಪು ಹಾಕಿಟ್ಟವನಿಗೆ ಮುಂದೆ ನಾಲ್ಕು ಕಾಸು. ಆ ಒಂದೆರಡು ತಿಂಗಳು ಕೈಯಲ್ಲಿ ದುಡ್ಡಿರಬೇಕು, ಅಷ್ಟೇ. ಹಾಗಾಗಿ ಎಷ್ಟು ಕೊಟ್ಟರು ಅನ್ನೋದಕ್ಕಿಂತ ಯಾವಾಗ ಕೊಟ್ಟರು ಅಂತ ನೋಡಿಯೇ ನಾನು ಇವುಗಳನ್ನೆಲ್ಲ ತೂಗುತ್ತಿದ್ದೇನೆ.

ಮೊದಲು ಮುದ್ರಾ. 2015ರಲ್ಲಿ ಶುರುವಾಗಿದ್ದು. ಶಿಶು ಅಂದರೆ 50 ಸಾವಿರದವರೆಗೆ, ಕಿಶೋರ ಅಂದರೆ 5 ಲಕ್ಷದವರೆಗೆ, ತರುಣ ಅಂದರೆ 10 ಲಕ್ಷದವರೆಗೆ. ಸಬ್ಸಿಡಿ ಇಲ್ಲ, ಇದು ಬರೀ ಸಾಲ. ಅಡಮಾನವೂ ಬೇಡ, ಅಂದರೆ ಕಾಗದದ ಮೇಲೆ ಬೇಡ. ನಾನು ಮೊದಲು ಹೋದ ಬ್ಯಾಂಕಿನಲ್ಲಿ ಕೂತ ಕೂಡಲೇ "ಮನಿ ಉತಾರ ತಂದೀರೇನ್ರಿ?" ಅಂದರು. ಮುದ್ರಾಕ್ಕೆ ಅಡಮಾನ ಇಲ್ಲವಲ್ಲ ಅಂದಿದ್ದಕ್ಕೆ, ಹಾಗಾದರೆ ಈ ವರ್ಷದ ಟಾರ್ಗೆಟ್ ಮುಗಿದಿದೆ ಅಂತ ಫೈಲು ನನ್ನ ಕಡೆ ಸರಿಸಿದರು. ಎರಡನೇ ಬ್ಯಾಂಕಿನಲ್ಲಿ ಐದು ವಾರಕ್ಕೆ 2 ಲಕ್ಷ ಸಿಕ್ಕಿತು. ಮೂರು ವರ್ಷದ ಅವಧಿ, ತಿಂಗಳ ಕಂತು ಸುಮಾರು 6,500. ಬಡ್ಡಿ ಜೇಬಿಗೆ ಹತ್ತುತ್ತದೆ, ಸುಳ್ಳು ಹೇಳಲ್ಲ. ಆದರೆ ದುಡ್ಡು ಜೂನ್ ಕೊನೆಗೆ ಕೈಗೆ ಬಂತು. ಸೀಜನ್ ಸಿಕ್ಕಿತು.

ಪಿಎಂಇಜಿಪಿ ಅಂದರೆ ಹೊಸ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ. ಅದು ನಮ್ಮ ವೈನಿಯದು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಯೂನಿಟ್. ನಾನೇ ಹಾಕೋಣ ಅಂತಿದ್ದೆ, ಆದರೆ ಅದು ಹೊಸ ಯೂನಿಟ್‌ಗೆ ಮಾತ್ರ. ಆಗಲೇ ಮುದ್ರಾ ತಗೊಂಡು ನಡೆಸುತ್ತಿರುವವನು ಮೊದಲು ಆ ಸಾಲ ಪೂರ್ತಿ ತೀರಿಸಬೇಕು. ಆಮೇಲೆ ವಿಸ್ತರಣೆಗೆ ಬೇರೆ ದಾರಿ ಇದೆ, ಅದರಲ್ಲಿ ಸಬ್ಸಿಡಿ ಕಮ್ಮಿ. ಇದನ್ನು ಮುದ್ರಾ ತಗೊಳ್ಳೋ ಮುಂಚೆ ನನಗೆ ಯಾರೂ ಹೇಳಲಿಲ್ಲ. ನೀವಾದರೂ ತಿಳಿದುಕೊಳ್ಳಿ.

ಕಾಗದದ ಮೇಲೆ ಪಿಎಂಇಜಿಪಿ ಚಂದ ಇದೆ. ಹಳ್ಳಿಯಲ್ಲಿ ಮಾಡುವ ಹೆಣ್ಣುಮಕ್ಕಳಿಗೆ 35 ಪರ್ಸೆಂಟ್ ಸಬ್ಸಿಡಿ, ಕೈಯಿಂದ ಹಾಕಬೇಕಾದ್ದು 5 ಪರ್ಸೆಂಟ್. ಸಾಮಾನ್ಯ ವರ್ಗದ ಗಂಡಸರಾದರೆ ಹಳ್ಳಿಯಲ್ಲಿ 25, ಪೇಟೆಯಲ್ಲಿ 15, ಕೈಯಿಂದ 10. ವೈನಿಯದು 6 ಲಕ್ಷದ ಪ್ರಾಜೆಕ್ಟ್. ಅವರು 30 ಸಾವಿರ ಹಾಕಿದರು, ಸಬ್ಸಿಡಿ 2 ಲಕ್ಷ 10 ಸಾವಿರ. ಆ ಸಬ್ಸಿಡಿ ಕೈಗೆ ಬರುತ್ತೆ ಅಂದ್ಕೊಂಡು ಕೆಲವರು ಮನೆಗೆ ಬಣ್ಣ ಹೊಡೆಸೋ ಪ್ಲ್ಯಾನ್ ಮಾಡಿರುತ್ತಾರೆ. ಬರಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಕೊಡಲ್ಲ, ಸಾಲದಲ್ಲಿ ಅಷ್ಟು ಭಾಗಕ್ಕೆ ಬಡ್ಡಿ ಹಾಕೋದೂ ಇಲ್ಲ. ಯೂನಿಟ್ ನಡೆಯುತ್ತಿದೆ ಅಂತ ನೋಡಿಕೊಂಡು ಆಮೇಲೆ ಸಾಲಕ್ಕೆ ಜಮಾ ಮಾಡುತ್ತಾರೆ. ಇದನ್ನು ಕೇಳಿ ನನಗೆ ಬೇಜಾರಾಯಿತು. ವೈನಿ ಮಾತ್ರ ರೊಟ್ಟಿ ತಟ್ಟುತ್ತಲೇ ಅಂದರು: "ಮೂರು ವರ್ಷ ಬಾಗಿಲಾ ಮುಚ್ಚಬಾರ್ದು ಅಂತಾರ, ಅಷ್ಟ ಹೌದಿಲ್ಲೋ? ನನಗೂ ಮುಚ್ಚೂದು ಬ್ಯಾಡಾಗೇತಿ."

ಅರ್ಜಿಯಿಂದ ಸಾಲದ ಮೊದಲ ಕಂತಿನವರೆಗೆ ಹನ್ನೊಂದು ತಿಂಗಳು. ರೊಟ್ಟಿಗೆ ಸೀಜನ್ ಇಲ್ಲ, ಹಾಗಾಗಿ ಅವರು ತಡೆದುಕೊಂಡರು. ನಾನಾಗಿದ್ದರೆ ಒಂದು ಇಡೀ ಮಳೆಗಾಲ ಹೋಗಿರುತ್ತಿತ್ತು.

ಪಿಎಂಎಫ್ಎಂಇ ನನಗೆ ಸರಿಹೊಂದಿದ್ದು. ಸಣ್ಣ ಆಹಾರ ಘಟಕಗಳಿಗೆಂದೇ 2020ರಲ್ಲಿ ಬಂದದ್ದು. ಕೇಂದ್ರದ 35 ಪರ್ಸೆಂಟ್‌ಗೆ ನಮ್ಮ ರಾಜ್ಯ 15 ಸೇರಿಸುತ್ತದೆ. ಅಲ್ಲಿಗೆ ಅರ್ಧಕ್ಕರ್ಧ ಆಯಿತು, ಮಿತಿ 15 ಲಕ್ಷ. ಒಂದು ಜಿಲ್ಲೆ ಒಂದು ಉತ್ಪನ್ನದ ಪಟ್ಟಿಯಲ್ಲಿ ವಿಜಯಪುರಕ್ಕೆ ಲಿಂಬೆ, ಬಾಗಲಕೋಟೆಗೆ ಉಳ್ಳಾಗಡ್ಡಿ, ಬೆಳಗಾವಿಗೆ ಬೆಲ್ಲ. ಇದರಲ್ಲಿ ನನಗೆ ಹಿಡಿಸಿದ್ದು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅನ್ನೋ ವ್ಯವಸ್ಥೆ. ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಅವರೇ ಕೂತು ಮಾಡಿಸುತ್ತಾರೆ. ಅವರಿಗೆ ಯೋಜನೆಯೇ ಹಣ ಕೊಡುತ್ತದೆ, ನಾವು ಕೊಡಬೇಕಾದ್ದು ಏನೂ ಇಲ್ಲ. ಪೇಟೆಯಲ್ಲಿ ಇದೇ ರಿಪೋರ್ಟಿಗೆ ಒಬ್ಬ ಏಜೆಂಟ್ ನನ್ನ ಹತ್ತಿರ 8 ಸಾವಿರ ಕೇಳಿದ್ದ.

ಆದರೆ ಕೊನೆಗೆ ಸಾಲ ಕೊಡೋದು ಅದೇ ಬ್ಯಾಂಕು ತಾನೆ? ಮಷೀನಿನ ಕೊಟೇಶನ್‌ನಲ್ಲಿ ಜಿಎಸ್‌ಟಿ ನಂಬರ್ ಇಲ್ಲ ಅಂತ ಫೈಲು ಒಮ್ಮೆ ವಾಪಸ್ ಬಂತು. ಸರಿಮಾಡಿ ಕೊಟ್ಟೆ, ಅಷ್ಟೊತ್ತಿಗೆ ಮ್ಯಾನೇಜರ್‌ಗೆ ಟ್ರಾನ್ಸ್‌ಫರ್ ಆಯಿತು. ಹೊಸಬರು ಮೊದಲಿಂದ ಓದಲು ಶುರು ಮಾಡಿದರು. 7 ಲಕ್ಷದ ಪ್ರಾಜೆಕ್ಟ್, ನನ್ನ ಕೈಯಿಂದ 70 ಸಾವಿರ, ಒಟ್ಟು ಎಂಟು ತಿಂಗಳು. ಮಷೀನು ಬಂದಿಳಿದದ್ದು ದೀಪಾವಳಿ ಆದ ಮೇಲೆ. ಆ ವರ್ಷ ಲಿಂಬೆ ಕೊಂಡದ್ದು ಸಬ್ಸಿಡಿ ದುಡ್ಡಿನಿಂದಲ್ಲ, ಹಳೇ ಮುದ್ರಾದಿಂದ ತಿರುಗಿ ಬಂದ ದುಡ್ಡಿನಿಂದ. ಮುದ್ರಾ ಕಂತು ತಪ್ಪಿಸದೆ ಕಟ್ಟಿದ್ದರಿಂದ ಸಿಬಿಲ್ ಸ್ಕೋರ್ (ಸಾಲ ಹೇಗೆ ಕಟ್ಟಿದ್ದೀವಿ ಅನ್ನೋದರ ಅಂಕ) ನೋಡಿ ಹೊಸ ಮ್ಯಾನೇಜರ್ ಜಾಸ್ತಿ ಮಾತಾಡಲಿಲ್ಲ, ಅದೊಂದು ಲಾಭ.

ನಡುವೆ ಒಂದು ಸ್ಟಾರ್ಟಪ್ ಶಿಬಿರಕ್ಕೂ ಬೆಳಗಾವಿಗೆ ಹೋಗಿ ಬಂದೆ. ಎರಡು ದಿನ, ಟೀ ಶರ್ಟು, ಬ್ಯಾಗು, ಒಳ್ಳೆ ಊಟ. ಇದನ್ನು ಹತ್ತು ರಾಜ್ಯಕ್ಕೆ ಹೇಗೆ ಹರಡುತ್ತೀರಿ ಅಂತ ಕೇಳಿದರು. ನನ್ನ ತಲೆಯಲ್ಲಿ ಇದ್ದದ್ದು ವಿಜಯಪುರಕ್ಕೆ ಬಸ್ಸಿನಲ್ಲಿ ಕಳಿಸಿದ ಜಾರುಗಳ ಮುಚ್ಚಳದಿಂದ ಎಣ್ಣೆ ಸೋರುತ್ತಿದ್ದದ್ದು. ಬ್ಯಾಗು ಇನ್ನೂ ಚೆನ್ನಾಗಿದೆ.

ಈಗ ರುಡ್‌ಸೆಟ್. ಸ್ವಂತ ಉದ್ಯೋಗದ ತರಬೇತಿ ಕೊಡೋಕೆ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಸಂಸ್ಥೆ, ವಿಜಯಪುರದಲ್ಲೂ ಇದೆ. ಇದೇ ಮಾದರಿ ನೋಡಿ ದೇಶದ ತುಂಬ ಬ್ಯಾಂಕುಗಳು ಆರ್‌ಸೆಟಿ ಅನ್ನೋ ತರಬೇತಿ ಕೇಂದ್ರ ಮಾಡಿದವು. ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿ ತರಬೇತಿ 10 ದಿನ, ಊಟ ವಸತಿ ಎಲ್ಲ ಫ್ರೀ. ನಾನು ಸುಮ್ನೆ ಸರ್ಟಿಫಿಕೇಟ್‌ಗೆ ಅಂತ ಹೋದವನು. ಉಪ್ಪಿನಕಾಯಿ ನಮ್ಮವ್ವನಿಗಿಂತ ಚೆನ್ನಾಗಿ ಇವರೇನು ಕಲಿಸ್ತಾರೆ ಅಂತ ಗುಮಾನಿ ಬೇರೆ.

ಐದನೇ ದಿನ ಸರ್ ಬೋರ್ಡಿನ ಹತ್ತಿರ ಕರೆದರು. ಕಾಲು ಕೆಜಿ ಜಾರಿಗೆ ಖರ್ಚೆಷ್ಟು ಅಂದರು. 38 ಅಂತ ಬರೆದೆ. ಮುಚ್ಚಳ ಎಲ್ಲಿ? ಲೇಬಲ್? ಗ್ಯಾಸ್? ಸೋರಿ ವಾಪಸ್ ಬಂದದ್ದು? ಅವ್ವನ ಕೂಲಿ ಎಷ್ಟು ಹಿಡಿದೀಯಪ್ಪಾ? ಅವ್ವನಿಗೆ ಯಾರು ಕೂಲಿ ಕೊಡ್ತಾರೆ ಸರ್ ಅಂದೆ. ಎಲ್ಲರೂ ನಕ್ಕರು, ಅವರು ನಗಲಿಲ್ಲ. ಎಲ್ಲ ಕೂಡಿಸಿದ ಮೇಲೆ 57 ಬಂತು. ನಾನು ಅಂಗಡಿಗೆ ಕೊಡುತ್ತಿದ್ದದ್ದು 50ಕ್ಕೆ. ಹೆಚ್ಚು ಮಾರಿದಷ್ಟೂ ಹೆಚ್ಚು ಕಳೆದುಕೊಳ್ಳುತ್ತಿದ್ದೆ, ಒಂದೊಂದು ಜಾರಿಗೂ 7 ರೂಪಾಯಿ.

ಹಾಗಂತ ಎಲ್ಲ ತರಬೇತಿಯೂ ಹೀಗಿರಲ್ಲ. ಆಫ್ರಿಕಾದ ಟೋಗೋದಲ್ಲಿ 1,500 ಸಣ್ಣ ವ್ಯಾಪಾರಿಗಳ ಮೇಲೆ ಮಾಡಿದ ಅಧ್ಯಯನವೊಂದು 2017ರಲ್ಲಿ ಬಂದಿದೆ. ಮಾಮೂಲಿ ಲೆಕ್ಕಪತ್ರದ ತರಬೇತಿ ಪಡೆದವರ ಲಾಭದಲ್ಲಿ ಗಟ್ಟಿಯಾಗಿ ಹೇಳುವಂಥ ಏರಿಕೆ ಕಾಣಲಿಲ್ಲ. ತಾನೇ ಮುಂದೆ ಬಿದ್ದು ಹೊಸ ದಾರಿ ಹುಡುಕೋದನ್ನು ಕಲಿಸಿದವರ ಲಾಭ 30 ಪರ್ಸೆಂಟ್ ಏರಿತು. ಉಗಾಂಡಾದಲ್ಲಿ ಯುವಜನರಿಗೆ ದುಡ್ಡು ಕೊಟ್ಟು ನೋಡಿದಾಗ ನಾಲ್ಕು ವರ್ಷಕ್ಕೆ ಆದಾಯ ಚೆನ್ನಾಗಿ ಏರಿತ್ತು, ಒಂಬತ್ತು ವರ್ಷಕ್ಕೆ ದುಡ್ಡು ಸಿಗದವರೂ ಬಂದು ಸಮ ಆದರು. ಟೋಗೋದ ಆ ಅಧ್ಯಯನ ಓದಿದಾಗ ನೆನಪಾದದ್ದು ಆ ಬೋರ್ಡೇ. ನನಗೆ ಅವತ್ತು ಸಿಕ್ಕಿದ್ದು ಲೆಕ್ಕಪತ್ರ ಅಂದ್ಕೊಂಡಿದ್ದೆ. ಆದರೆ ಮರುವಾರವೇ ಅಂಗಡಿ ಬಿಟ್ಟು ಖಾನಾವಳಿಗಳಿಗೆ 5 ಕೆಜಿ ಡಬ್ಬಿ ಕೊಡೋಕೆ ಶುರು ಮಾಡಿದೆ. ಜಾರ್ ಇಲ್ಲ, ಲೇಬಲ್ ಕೆಲಸ ಕಮ್ಮಿ, ಸೋರೋದೂ ಇಲ್ಲ.

ರುಡ್‌ಸೆಟ್‌ನವರು ಎರಡು ವರ್ಷ ಬೆನ್ನು ಬಿಡಲ್ಲ. ಅವರ ಫೋನ್ ಬಂದರೆ ಅವ್ವ ಈಗ ಮೊದಲು ಕೇಳೋದು: "ನನ್ನ ಪಗಾರ ಬರ್ದೀ ಇಲ್ಲೋ ಹೇಳು ಅವರಿಗೆ."

ಮಾವನ ಮಗನಿಗೆ ಹೇಳಿದ್ದು ಇಷ್ಟು. ಉಳ್ಳಾಗಡ್ಡಿಗೂ ಸೀಜನ್ ಇದೆ, ಮೊದಲು ಮಾಲು ಕೊಳ್ಳೋ ದುಡ್ಡಿನ ದಾರಿ ನೋಡು. ಪಿಎಂಎಫ್ಎಂಇ ಅರ್ಜಿ ಇವತ್ತೇ ಹಾಕು, ಆದರೆ ಈ ಸೀಜನ್‌ಗೆ ಅದನ್ನು ನಂಬಬೇಡ. ಅದು ಬರೋವರೆಗೆ 10 ದಿನದ ತರಬೇತಿ ಮುಗಿಸು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಹಾಸಿಗಿ ನಾವ ಒಯ್ಯಬೇಕೇನು?"